ಸೈಡ್ ಎಫೆಕ್ಟ್ ಇಲ್ಲದ ಔಷಧಿ

“ಇಂಗ್ಲಿಷ್ ಔಷಧಿ ತಗೊಂಡ್ರೆ ಒಂದು ವಾಸಿಯಾಗಿ ಇನ್ನೊಂದು ಶುರುವಾಗುತ್ತೆ. ನಮ್ಮ ಗಿಡಮೂಲಿಕೆ ಹಾಗಲ್ಲ, ಗುಣ ಮಾಡದಿದ್ರೂ ಕೆಟ್ಟದ್ದಂತೂ ಮಾಡಲ್ಲ.” ಮದುವೆ ಮನೆಯ ಪಂಕ್ತಿಯಲ್ಲಿ, ಪಾರ್ಕಿನ ಕಲ್ಲುಬೆಂಚಿನ ಮೇಲೆ, ಟೀವಿಯ ಬೆಳಗಿನ ಕಾರ್ಯಕ್ರಮದಲ್ಲಿ ಈ ಮಾತು ಕೇಳದ ಕನ್ನಡಿಗ ಇರಲಾರ. ಓದಿದವರೂ ಹೇಳುತ್ತಾರೆ, ಓದದವರೂ ಹೇಳುತ್ತಾರೆ. ನನ್ನ ತಕರಾರಿರುವುದು ಆಯುರ್ವೇದದ ಜೊತೆಗಲ್ಲ, ಅಜ್ಜಿಯ ಕಷಾಯದ ಜೊತೆಗಂತೂ ಅಲ್ಲವೇ ಅಲ್ಲ. ಈ ಮಾತಿನ ಜೊತೆಗೆ. ಅದು ಮಾತ್ರೆಯ ವಿಚಾರದಲ್ಲೂ ತಪ್ಪು, ಬೇರಿನ ವಿಚಾರದಲ್ಲೂ ತಪ್ಪು. ಅದಕ್ಕಿಂತ ದೊಡ್ಡ ಕೇಡೆಂದರೆ, ಮಾತ್ರೆ, ಬೇರು, ಹಣ್ಣು, ಹೆಂಡ ಎಲ್ಲವೂ ಒಂದೇ ಹೊಟ್ಟೆಗೆ ಇಳಿದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನೇ ಅದು ಏಳಗೊಡುವುದಿಲ್ಲ.

ಈ ನಂಬಿಕೆಗೆ ಸಾಕ್ಷಿಯಾಗಿ ನಿಲ್ಲುವುದು ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ ತೆಳು ಕಾಗದ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ವಾಕರಿಕೆ, ತಲೆಸುತ್ತು, ಚರ್ಮದ ದದ್ದು, ಯಕೃತ್ತಿನ ತೊಂದರೆ ಎಂದು ಮೊಳದುದ್ದದ ಪಟ್ಟಿ. ಚೂರ್ಣದ ಡಬ್ಬಿಯಲ್ಲಿ ಅಂಥದ್ದೇನೂ ಇಲ್ಲ. ‘ಅಡ್ಡಪರಿಣಾಮಗಳಿಲ್ಲ’ ಎಂಬ ಒಂದು ಸಾಲು, ಪಕ್ಕದಲ್ಲೊಂದು ಹಸಿರು ಎಲೆ. ಎರಡನ್ನೂ ಎದುರುಬದುರು ಇಟ್ಟು ನೋಡಿದವರು ಚೂರ್ಣದ ಕಡೆಗೆ ವಾಲಿದರೆ ಆಶ್ಚರ್ಯವಿಲ್ಲ. ಆದರೆ ಆ ಪಟ್ಟಿ ಉದ್ದವಾದದ್ದು ಹೇಗೆ? ಸಾವಿರಾರು ಜನರಿಗೆ ಔಷಧಿ ಕೊಟ್ಟು, ಅಷ್ಟೇ ಜನರಿಗೆ ಅದೇ ಬಣ್ಣದ ಸಪ್ಪೆ ಮಾತ್ರೆ ಕೊಟ್ಟು, ಇಬ್ಬರೂ ಹೇಳಿದ ನೋವುನರಳಿಕೆಯನ್ನೆಲ್ಲ ಬರೆದುಕೊಂಡಿದ್ದರಿಂದ. ಔಷಧಿ ಮಾರುಕಟ್ಟೆಗೆ ಬಂದ ಮೇಲೂ ಯಾರಿಗೋ ಏನೋ ಆಯಿತೆಂದರೆ ಅದನ್ನೂ ಸೇರಿಸಿದ್ದರಿಂದ. ಥಾಲಿಡೋಮೈಡ್ ಎಂಬ ನಿದ್ದೆ ಮಾತ್ರೆ ನುಂಗಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿ, 1961ರಲ್ಲಿ ಅದನ್ನು ಹಿಂತೆಗೆದುಕೊಂಡ ಮೇಲೆ ಜಗತ್ತು ಕಲಿತ ಅಭ್ಯಾಸ ಇದು. ಯುರೋಪಿನ ಪಟ್ಟಿಗಳಲ್ಲಿ ‘ಸಾಮಾನ್ಯ’ ಎಂದರೆ ನೂರಕ್ಕೆ ಒಬ್ಬರಿಂದ ಹತ್ತು ಜನರವರೆಗೆ, ‘ವಿರಳ’ ಎಂದರೆ ಹತ್ತು ಸಾವಿರಕ್ಕೆ ಒಬ್ಬರಿಂದ ಹತ್ತು ಜನರವರೆಗೆ. ನಾವು ಈ ಲೆಕ್ಕವನ್ನು ಬಿಟ್ಟು ಹೆಸರುಗಳನ್ನಷ್ಟೇ ಓದುತ್ತೇವೆ.

ಚೂರ್ಣದ ಡಬ್ಬಿಯ ಕಾಗದ ಖಾಲಿ ಇರುವುದಕ್ಕೆ ಬೇರೆ ಕಾರಣವಿದೆ. ನಮ್ಮ ಔಷಧಿ ನಿಯಮಾವಳಿಯ 158ಬಿ ಪ್ರಕಾರ, ಅಂಗೀಕೃತ ಪ್ರಾಚೀನ ಗ್ರಂಥಗಳಲ್ಲಿರುವ ಯೋಗವನ್ನು ಅಲ್ಲಿ ಹೇಳಿದಂತೆಯೇ ತಯಾರಿಸಿದರೆ ಪರವಾನಗಿಗೆ ಸುರಕ್ಷತೆಯ ಅಧ್ಯಯನ ಬೇಕಿಲ್ಲ. ಹುಡುಕಬೇಕಿಲ್ಲ ಎಂದ ಮೇಲೆ ಸಿಗುವುದಾದರೂ ಏನು?

ಸರ್ಪಗಂಧಿಯ ಕಥೆಯನ್ನೇ ನೋಡಿ. ಶತಮಾನಗಳಿಂದ ನಾಟಿ ವೈದ್ಯರು ನಿದ್ದೆಗೆ, ಹುಚ್ಚಿಗೆ ಕೊಡುತ್ತಿದ್ದ ಬೇರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುತ್ತದೆ ಎಂದು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಮಾತ್ರೆಯಾಗಿ ಜಗತ್ತಿಗೆ ಹಂಚಿದ್ದೇ ತಡ, ಮೂಗು ಕಟ್ಟುವುದು, ಮಂಪರು, ಕೆಲವರಲ್ಲಿ ತೀವ್ರ ಖಿನ್ನತೆ ಎಂದು ವರದಿಗಳು ಬರತೊಡಗಿದವು. ಬೇರಿನ ಡಬ್ಬಿಯಲ್ಲಿದ್ದಷ್ಟು ದಿನ ಇಲ್ಲದ ಸೈಡ್ ಎಫೆಕ್ಟು ಮಾತ್ರೆಯಾದ ಕೂಡಲೇ ಅಂಟಿಕೊಂಡಿತೆ? ಬೇರು ತಿಂದು ಮಂಕಾಗಿ ಮೂಲೆ ಹಿಡಿದವನನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ, ಅಷ್ಟೆ.

ಪಟ್ಟಿಯಲ್ಲಿ ಬರೆದದ್ದೆಲ್ಲ ಔಷಧಿಯ ಕೃತ್ಯವೇ ಎಂದೂ ಇಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳಷ್ಟು ಕೆಟ್ಟ ಹೆಸರು ಇನ್ನಾವ ಮಾತ್ರೆಗೂ ಇಲ್ಲವೇನೋ. ಮೈಕೈ ನೋವೆಂದು ತಾವೇ ನಿಲ್ಲಿಸಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಹೀಗೆ ನಿಲ್ಲಿಸಿದ 60 ಜನರನ್ನು ಸೇರಿಸಿ, ಪ್ರತಿಯೊಬ್ಬರಿಗೂ ವರ್ಷಕ್ಕಾಗುವಷ್ಟು 12 ಬಾಟಲಿ ಕೊಟ್ಟರು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಸಪ್ಪೆ ಮಾತ್ರೆ, ನಾಲ್ಕು ಖಾಲಿ. ತಿಂಗಳಿಗೊಂದು ಬಾಟಲಿ, ತೊಂದರೆಗೆ ದಿನವೂ ನೂರರಲ್ಲಿ ಅಂಕ. ಮಾತ್ರೆಯೇ ಇಲ್ಲದ ತಿಂಗಳಲ್ಲಿ ಸರಾಸರಿ 8, ಸ್ಟಾಟಿನ್ ತಿಂಗಳಲ್ಲಿ 16.3, ಸಪ್ಪೆ ಮಾತ್ರೆಯ ತಿಂಗಳಲ್ಲಿ 15.4. 2020ರಲ್ಲಿ ಪ್ರಕಟವಾದ ಫಲಿತಾಂಶ ಇದು. ನೋವು ನಿಜ, ಯಾರೂ ನಟಿಸಿದ್ದಲ್ಲ. ಆದರೆ ಅದರ ಬಹುಪಾಲು ಬಂದದ್ದು ಮಾತ್ರೆ ನುಂಗುತ್ತಿದ್ದೇನೆ ಎಂಬ ಅಳುಕಿನಿಂದ. ಸ್ಟಾಟಿನ್‌ನಿಂದ ಸ್ನಾಯು ನಿಜಕ್ಕೂ ಹಾಳಾಗುವುದುಂಟು, ಅಪರೂಪಕ್ಕೆ. ಅದು ಯಾವಾಗ ಹೆಚ್ಚು ಎಂಬುದಕ್ಕೆ ಬರುತ್ತೇನೆ.

ಇತ್ತ ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ಇದರ ಕಷಾಯ ಕುದಿಯದ ಮನೆ ಕಡಿಮೆ. ಸರ್ಕಾರದ ಆಯುಷ್ ಚಿಕಿತ್ಸಾ ಕ್ರಮದಲ್ಲೂ ಅದರ ಹೆಸರಿತ್ತು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ಯಕೃತ್ ತಜ್ಞರ ಬಳಿಗೆ ಕಾಮಾಲೆಯಾಗಿ ಬಂದವರಲ್ಲಿ ಆರು ಜನ ಅಮೃತಬಳ್ಳಿ ಸೇವಿಸುತ್ತಿದ್ದರು. ಮರುವರ್ಷ ಆ ವರದಿ ಯಕೃತ್ ತಜ್ಞರ ಪತ್ರಿಕೆಯಲ್ಲಿ ಬಂತು. ಆಮೇಲೆ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಕೊಟ್ಟವು. ದೇಹದ ರೋಗನಿರೋಧಕ ಪಡೆಯೇ ತನ್ನ ಯಕೃತ್ತಿನ ಮೇಲೆ ತಿರುಗಿಬಿದ್ದಂಥ ಚಿತ್ರ ಅವರಲ್ಲಿ ಕಂಡಿತ್ತು. ‘ಇಮ್ಯೂನಿಟಿ ಹೆಚ್ಚಿಸುತ್ತದೆ’ ಎಂಬ ಜಾಹೀರಾತನ್ನು ಅಕ್ಷರಶಃ ನಂಬುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು: ಹೆಚ್ಚಿದ್ದು ಎಲ್ಲರಿಗೂ ಒಳ್ಳೆಯದನ್ನೇ ಮಾಡಬೇಕೆಂದು ಎಲ್ಲಿದೆ?

ಆಯುಷ್ ಸಚಿವಾಲಯ ಮುಂಬಯಿಯ ವರದಿಯನ್ನು ಒಪ್ಪಲಿಲ್ಲ. ರೋಗಿಗಳು ತಿಂದದ್ದು ನಿಜವಾದ ಅಮೃತಬಳ್ಳಿಯೋ, ಅದನ್ನೇ ಹೋಲುವ ಟಿನೋಸ್ಪೊರ ಕ್ರಿಸ್ಪ ಎಂಬ ಬೇರೆ ಬಳ್ಳಿಯೋ ಪರೀಕ್ಷಿಸಿಲ್ಲ ಎಂದಿತು. ಆಕ್ಷೇಪದಲ್ಲಿ ಹುರುಳಿದೆ, ಪರೀಕ್ಷೆ ಆಗಬೇಕಿತ್ತು. ಆದರೆ ಈ ವಾದ ಎತ್ತ ಕರೆದೊಯ್ಯುತ್ತದೆ ನೋಡಿ. ಎರಡು ಬಳ್ಳಿಗಳನ್ನು ಗುರುತಿಸುವುದು ಇಷ್ಟು ಕಷ್ಟವೆಂದಾದರೆ, ಬೇಲಿಯಿಂದ ಕಿತ್ತು ತಂದವನಿಗೆ ಕೊಟ್ಟ ಭರವಸೆಯ ಗತಿಯೇನು? ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿಗೆ ಹಾಲೆ ಮರದ ತೊಗಟೆ ಕೆತ್ತಿ ತಂದು ಕಷಾಯ ಕುಡಿಯುತ್ತಾರೆ. ಕತ್ತಲಲ್ಲಿ ಮರ ತಪ್ಪಿ ಕಾಸರ್ಕದ ತೊಗಟೆ ತಂದು ಆಸ್ಪತ್ರೆ ಸೇರಿದವರಿದ್ದಾರೆ. ಕಾಸರ್ಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಅಲ್ಲಿಯ ಹಿರಿಯರು ಹಿಂದಿನ ದಿನ ಹಗಲಲ್ಲೇ ಮರಕ್ಕೆ ಗುರುತು ಹಾಕಿ ಬನ್ನಿ ಎನ್ನುತ್ತಾರೆ. ‘ಗಿಡಮೂಲಿಕೆ ಏನೂ ಮಾಡಲ್ಲ’ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ಶಾಸ್ತ್ರವೂ ಹಾಗೆ ಹೇಳಿಲ್ಲ. ಚರಕಸಂಹಿತೆಯ ಸೂತ್ರಸ್ಥಾನ ವಿರುದ್ಧಾಹಾರವನ್ನು ಹದಿನೆಂಟು ಬಗೆಯಾಗಿ ವಿಂಗಡಿಸುತ್ತದೆ: ದೇಶ, ಕಾಲ, ಮಾತ್ರೆ, ಸಂಯೋಗ, ಸಂಸ್ಕಾರ ಹೀಗೆ. ಯಾವುದು ಯಾವುದರ ಜೊತೆ ಸೇರಿದರೆ ಕೆಡುಕು ಎಂಬುದನ್ನು ಇಷ್ಟು ತಲೆಕೆಡಿಸಿಕೊಂಡು ಯೋಚಿಸಿದ ಪರಂಪರೆಗೆ ‘ನಿರಪಾಯ’ ಎಂಬ ಹಣೆಪಟ್ಟಿ ಹಚ್ಚುವುದು ಹೊಗಳಿಕೆಯಂತೂ ಅಲ್ಲ. ವತ್ಸನಾಭವನ್ನು ಗೋಮೂತ್ರದಲ್ಲೋ ಹಾಲಿನಲ್ಲೋ ಶೋಧಿಸದೆ ಬಳಸಬಾರದು ಎಂದದ್ದು ಅದು ಕೊಲ್ಲುತ್ತದೆಂದು ಗೊತ್ತಿದ್ದರಿಂದ. ಆ ಎಚ್ಚರವೆಲ್ಲ ಸೋರಿಹೋಗಿ ಹಸಿರು ಎಲೆಯ ಚಿತ್ರ ಮಾತ್ರ ಉಳಿದದ್ದು ನಮ್ಮ ಕಾಲದ ಮಾರುಕಟ್ಟೆಯಲ್ಲಿ. 2004ರಲ್ಲಿ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ದಕ್ಷಿಣ ಏಷ್ಯಾದ 70 ಆಯುರ್ವೇದ ಉತ್ಪನ್ನಗಳನ್ನು ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಈಗ ಹಣ್ಣಿಗೆ ಬರೋಣ. ಯಾವ ಪಂಥಕ್ಕೂ ಸೇರದ, ಯಾರೂ ಅನುಮಾನಿಸದ ವಸ್ತು.

ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಬೈಲಿ ಎಂಬ ಔಷಧ ವಿಜ್ಞಾನಿ, ಫೆಲೋಡಿಪಿನ್ ಎಂಬ ಬಿಪಿ ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸಲು ಹೊರಟರು. ಕುಡಿದವರಿಗೆ ಯಾವುದರಲ್ಲಿ ಮದ್ಯವಿದೆ ಎಂದು ತಿಳಿಯಬಾರದು. ರುಚಿ ಮುಚ್ಚಲು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ರಕ್ತ ಪರೀಕ್ಷೆಯಲ್ಲಿ ಔಷಧಿಯ ಪ್ರಮಾಣ ನಿರೀಕ್ಷೆಗಿಂತ ಹಲವು ಪಟ್ಟು ಹೆಚ್ಚು ಬಂತು. ಮದ್ಯ ಕುಡಿದವರಲ್ಲೂ, ಕುಡಿಯದವರಲ್ಲೂ. ತಪ್ಪಿತಸ್ಥ ರಸವೇ ಎಂದು 1989ರಲ್ಲಿ ವರದಿಯಾಗಿ, 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಖಚಿತವಾಯಿತು. ನಮ್ಮ ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವವಿದೆ. ಒಳಬರುವ ಪರಕೀಯ ವಸ್ತುಗಳನ್ನು ಬಾಗಿಲಲ್ಲೇ ಹಿಡಿದು ತುಂಡರಿಸುವುದು ಅದರ ಕೆಲಸ. ಫೆಲೋಡಿಪಿನ್ ನುಂಗಿದ್ದರಲ್ಲಿ ರಕ್ತಕ್ಕೆ ದಾಟುವುದು ಸುಮಾರು ಏಳನೇ ಒಂದು ಪಾಲು ಮಾತ್ರ, ಈ ನಷ್ಟವನ್ನು ಲೆಕ್ಕ ಹಾಕಿಯೇ ಡೋಸು ಗೊತ್ತುಮಾಡಿರುತ್ತಾರೆ. ಗ್ರೇಪ್‌ಫ್ರೂಟಿನ ಫ್ಯುರಾನೊಕೂಮರಿನ್‌ಗಳು ಆ ಕಿಣ್ವವನ್ನೇ ಕೆಡಿಸಿಬಿಡುತ್ತವೆ. ಹೊಸದು ಹುಟ್ಟಲು ಒಂದರಿಂದ ಮೂರು ದಿನ ಬೇಕು. ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಬಿಡುವು ಕೊಟ್ಟರೂ ತಪ್ಪಿಸಿಕೊಳ್ಳಲಾಗದು. ಸಿಮ್ವಸ್ಟಾಟಿನ್, ಸ್ವಲ್ಪ ಮಟ್ಟಿಗೆ ಅಟೋರ್ವಸ್ಟಾಟಿನ್ ಕೂಡ ಈ ಬಾಗಿಲಿನಿಂದಲೇ ಹೋಗಬೇಕಾದವು. ಸ್ಟಾಟಿನ್‌ನಿಂದ ಸ್ನಾಯು ಹಾಳಾಗುವ ಸಂಭವ ಹೆಚ್ಚುವುದು ಇಂಥಲ್ಲಿ. ರೋಸುವಸ್ಟಾಟಿನ್‌ಗೆ ಈ ತಾಪತ್ರಯವಿಲ್ಲ.

ಗ್ರೇಪ್‌ಫ್ರೂಟ್ ನಮ್ಮಲ್ಲಿ ಯಾರು ತಿನ್ನುತ್ತಾರೆ ಎಂದು ಕೇಳಬಹುದು. ಹದಿನೆಂಟನೇ ಶತಮಾನದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಕಿತ್ತಳೆಯ ಜೊತೆ ಕೂಡಿ ಆ ಹಣ್ಣನ್ನು ಹುಟ್ಟಿಸಿದ್ದು ಚಕ್ಕೋತ. ಭೌಗೋಳಿಕ ಸೂಚ್ಯಂಕ ಪಡೆದ, ದೇವನಹಳ್ಳಿಯ ಹೆಮ್ಮೆಯ ಅದೇ ಚಕ್ಕೋತ. ಫ್ಯುರಾನೊಕೂಮರಿನ್ ತಾಯಿಯಲ್ಲೂ ಇದೆ, ತಳಿಯಿಂದ ತಳಿಗೆ ಹೆಚ್ಚುಕಡಿಮೆ. ಕಿಡ್ನಿ ಕಸಿಯಾದವರೊಬ್ಬರು ಚಕ್ಕೋತ ತಿಂದು ಟ್ಯಾಕ್ರೊಲಿಮಸ್ ಮಟ್ಟ ಏರಿದ ವರದಿ ಇದೆ. ಅದರ ರಸ ಸೈಕ್ಲೊಸ್ಪೊರಿನ್ ಮಟ್ಟವನ್ನು ಏರಿಸುತ್ತದೆಂದೂ ಗೊತ್ತಾಗಿದೆ. ಕಸಿ ಮಾಡಿಸಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಬೆಂಗಳೂರಿನಲ್ಲಿ ಮಾರುವ ಮಾತ್ರೆಯ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ. ವಿಮಾನ ನಿಲ್ದಾಣದ ದಾರಿಯಲ್ಲಿ ಚಕ್ಕೋತ ಕೊಂಡು ಮನೆಗೆ ಒಯ್ಯುವವರಿಗೆ ಅದರಿಂದ ಏನು ತಿಳಿದೀತು? ಅನುವಾದವಾಗದ ಎಚ್ಚರಿಕೆಗೂ ಖಾಲಿ ಕಾಗದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಇದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗವೊಂದು ಈಗ ಲೋಕಪ್ರಸಿದ್ಧ. ಎರಡು ಗ್ರಾಂ ಕರ್ಕ್ಯುಮಿನ್, ಅಂದರೆ ಅರಿಸಿನದ ಸಾರ, ಬರಿದೇ ತಿಂದರೆ ರಕ್ತದಲ್ಲಿ ಕಾಣುವುದೇ ಕಷ್ಟ. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಸಾರ, ಕೊಟ್ಟಾಗ ಮನುಷ್ಯರಲ್ಲಿ ಅದರ ಹೀರಿಕೆ ಶೇಕಡಾ 2000ದಷ್ಟು ಏರಿತು. ಅರಿಸಿನದ ಮಾತ್ರೆ ಮಾರುವವರೆಲ್ಲ ಇದನ್ನು ಕರಿಮೆಣಸಿನ ಮಹಿಮೆ ಎಂದು ಹಾಡುತ್ತಾರೆ. ಮಹಿಮೆ ನಿಜವೇ. ದೇಹ ಹೊರಹಾಕಬೇಕೆಂದಿದ್ದ ವಸ್ತುವನ್ನು ಹೊರಹಾಕದಂತೆ ತಡೆಯುವುದೇ ಆ ಮಹಿಮೆ. ಪೈಪರಿನ್ ಅರಿಸಿನಕ್ಕೆ ಮಾತ್ರ ಈ ಉಪಕಾರ ಮಾಡಿ ಸುಮ್ಮನಿರುವುದಿಲ್ಲ. ಮೂರ್ಛೆರೋಗದ ಫೆನಿಟಾಯಿನ್, ಬಿಪಿಯ ಪ್ರೊಪ್ರನೊಲಾಲ್, ದಮ್ಮಿನ ಥಿಯೊಫಿಲಿನ್‌ಗಳ ಮಟ್ಟವನ್ನೂ ಏರಿಸುತ್ತದೆ. ಫೆನಿಟಾಯಿನ್‌ನಲ್ಲಿ ಸಾಕು ಮತ್ತು ಹೆಚ್ಚಾಯಿತು ಎಂಬುದರ ನಡುವೆ ಇರುವುದು ಕೂದಲೆಳೆ. ಅಮೆರಿಕದಲ್ಲಿ ಔಷಧಿಯಿಂದಾಗುವ ಯಕೃತ್ ಹಾನಿಯನ್ನು ಗಮನಿಸುವ ಜಾಲವೊಂದು ಅರಿಸಿನದ ಸಾರ ತೆಗೆದುಕೊಂಡು ಯಕೃತ್ ಕೆಟ್ಟ ಹತ್ತು ಜನರನ್ನು ವರದಿ ಮಾಡಿತು. ಪರೀಕ್ಷಿಸಿದ ಕೆಲವು ಡಬ್ಬಿಗಳಲ್ಲಿ ಪೈಪರಿನ್ ಇತ್ತು.

ಹಾಗೆಂದು ಸಾರಿಗೆ ಮೆಣಸು ಬಿಡಬೇಕಿಲ್ಲ. ಅಡುಗೆಯ ಅರ್ಧ ಚಮಚ ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ಅತ್ಯಲ್ಪ. ಅಡುಗೆಯಲ್ಲಿ ತಲೆಮಾರುಗಳಿಂದ ತಿಂದಿದ್ದೇವೆ ಎಂಬ ಅನುಭವವನ್ನು ಸಾರ ತೆಗೆದು, ಹಿಂಡಿ, ಹಲವು ಪಟ್ಟು ಮಂದ ಮಾಡಿ, ಕ್ಯಾಪ್ಸೂಲಿಗೆ ತುಂಬಿದ ವಸ್ತುವಿಗೆ ಎರವಲು ಕೊಡುವುದು ಮೋಸ. ಮೆಂತ್ಯ, ಹಾಗಲಕಾಯಿ ಪಲ್ಯವಾಗಿ ಬೇರೆ; ಗ್ಲಿಮೆಪಿರೈಡ್ ನುಂಗಿದ ಸಕ್ಕರೆ ರೋಗಿ ಖಾಲಿ ಹೊಟ್ಟೆಯಲ್ಲಿ ಲೋಟದ ತುಂಬ ಹಾಗಲರಸ ಕುಡಿಯುವುದೇ ಬೇರೆ. ಆತ ಬೆವರಿ, ನಡುಗಿ, ಬಿದ್ದರೆ ಮನೆಯವರು ದೂರುವುದು ಮಾತ್ರೆಯನ್ನು. ಕೆಮ್ಮಿಗೆ ಬಾಯಲ್ಲಿಡುವ ಜ್ಯೇಷ್ಠಮಧುವೂ ಹಾಗೆಯೇ. ವಾರಗಟ್ಟಲೆ ಹೆಚ್ಚಾಗಿ ತಿಂದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಡಿಗಾಕ್ಸಿನ್ ತೆಗೆದುಕೊಳ್ಳುವ ಹೃದಯಕ್ಕೆ ಅದು ಅಪಾಯ.

ಕನ್ನಡದ ಮನೆಗಳಲ್ಲಿ ಬೇರೂರಿದ ಇನ್ನೊಂದು ಸಿದ್ಧಾಂತವಿದೆ: ಮಾತ್ರೆ ಉಷ್ಣ. ಆ್ಯಂಟಿಬಯೋಟಿಕ್ ಅಂತೂ ಬಲು ಉಷ್ಣ. ಅದಕ್ಕೆ ತಂಪು ಮಾಡಬೇಕು: ಹಾಲು, ಮಜ್ಜಿಗೆ, ಎಳನೀರು. ನನಗೆ ಕುತೂಹಲ ಹುಟ್ಟಿಸುವುದು ಇದೇ. ಇಲ್ಲದ ಅಡ್ಡಪರಿಣಾಮಕ್ಕೆ ಮಾಡುವ ಉಪಚಾರವೇ ಇರುವ ಅಡ್ಡಿಯಾಗುತ್ತದೆ. ಹಾಲು ಮೊಸರಿನ ಕ್ಯಾಲ್ಸಿಯಂ ಸಿಪ್ರೊಫ್ಲಾಕ್ಸಸಿನ್ ಜೊತೆ ಕಟ್ಟಿಕೊಂಡು ಅದರ ಸುಮಾರು ಮೂರನೇ ಒಂದು ಭಾಗ ಹೀರಿಕೆಯಾಗದಂತೆ ಮಾಡುತ್ತದೆ. ಟೆಟ್ರಾಸೈಕ್ಲಿನ್‌ಗೂ ಅದೇ ಗತಿ. ಸೋಂಕು ಅರ್ಧಂಬರ್ಧ ಉಳಿದಾಗ ‘ಈ ಮಾತ್ರೆ ನಮಗೆ ಒಗ್ಗಲ್ಲ’ ಎಂಬ ತೀರ್ಪು. ಅಮಾಕ್ಸಿಸಿಲಿನ್‌ಗೆ ಹಾಲಿನಿಂದ ತೊಂದರೆಯಿಲ್ಲ. ಎಲ್ಲ ಮಾತ್ರೆಯನ್ನೂ ಒಂದೇ ಉಷ್ಣದ ಕಟ್ಟಿಗೆ ಸೇರಿಸಿದವರಿಗೆ ಈ ಭೇದ ಕಾಣುವುದಿಲ್ಲ. ಎಳನೀರಿನಲ್ಲಿ ಒಂದೆರಡು ಏಲಕ್ಕಿ ಬಾಳೆಹಣ್ಣನ್ನು ಮೀರಿಸುವಷ್ಟು ಪೊಟ್ಯಾಸಿಯಂ ಇದೆ. ಆರೋಗ್ಯವಂತನಿಗೆ ಅದು ವರ. ಕಿಡ್ನಿ ಕುಂದಿ, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಯಲ್ಲಿರುವವನಿಗೆ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಬಿಪಿಗೆ ಒಳ್ಳೆಯದೆಂದು ತರುವ ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಜಾಗದಲ್ಲಿ ತುಂಬಿರುವುದೂ ಪೊಟ್ಯಾಸಿಯಮ್ಮೇ. ಇನ್ನು ಥೈರಾಯ್ಡ್ ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆಗೇ ನುಂಗಿ ‘ಡೋಸು ಎಷ್ಟು ಏರಿಸಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲ’ ಎನ್ನುವವರಿಗೆ ಹೇಳಬೇಕಾದದ್ದು ಒಂದೇ: ಕಾಫಿಯನ್ನು ಮುಕ್ಕಾಲು ಗಂಟೆ ಮುಂದೂಡಿ.

ಪಥ್ಯದಲ್ಲೂ ಇದೇ ಸಾರಾಸಗಟು ಸೂತ್ರ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೊಪ್ಪು ಮುಟ್ಟಬೇಡಿ ಎನ್ನುವುದು ವಾಡಿಕೆ. ಸೊಪ್ಪಿನ ವಿಟಮಿನ್ ಕೆ ಮಾತ್ರೆಗೆ ಎದುರಾಳಿ ಎಂಬುದು ಸರಿ. ಆದರೆ ಬೇಕಾದದ್ದು ಸೊಪ್ಪಿನ ನಿಷೇಧವಲ್ಲ, ಸಮತೂಕ. ವಾರಕ್ಕಿಷ್ಟು ಎಂದು ತಿನ್ನುತ್ತಿದ್ದರೆ ಅದಕ್ಕೆ ತಕ್ಕ ಡೋಸನ್ನು ರಕ್ತಪರೀಕ್ಷೆ ನೋಡಿ ಕೊಡಬಹುದು. ಪೂರ್ತಿ ಬಿಟ್ಟವನು ಹಬ್ಬಕ್ಕೆಂದು ಊರಿಗೆ ಹೋಗಿ ನಾಲ್ಕು ದಿನ ನುಗ್ಗೆಸೊಪ್ಪು ಉಂಡರೆ ತಕ್ಕಡಿ ತಲೆಕೆಳಗಾಗುತ್ತದೆ.

ಮದ್ಯದ ವಿಷಯದಲ್ಲಿ ವೈದ್ಯರ ಸಾರಾಸಗಟು ಸೂತ್ರವೂ ಅಷ್ಟೇ ಕೆಲಸ ಕೆಡಿಸುತ್ತದೆ. ‘ಮಾತ್ರೆ ತಗೊಂಡು ಕುಡೀಬೇಡ’ ಎಂದರೆ ಕುಡಿಯುವವನು ಕೇಳಿಸಿಕೊಳ್ಳುವುದು ‘ಕುಡಿದ ದಿನ ಮಾತ್ರೆ ತಗೋಬೇಡ’ ಎಂದು. ಅಮೆರಿಕದ ಎಚ್‌ಐವಿ ರೋಗಿಗಳಲ್ಲಿ ಇದೇ ನಂಬಿಕೆಯಿಂದ ಡೋಸು ಬಿಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ; ನಮ್ಮಲ್ಲಿ ಬಿಪಿ, ಮೂರ್ಛೆರೋಗದ ಮಾತ್ರೆಗಳು ಶನಿವಾರ ರಾತ್ರಿ ಡಬ್ಬಿಯಲ್ಲೇ ಉಳಿಯುವುದನ್ನು ತಿಳಿಯಲು ಸಂಶೋಧನೆ ಬೇಕಿಲ್ಲ. ನಿದ್ದೆ ಮಾತ್ರೆ, ನೋವಿನ ಓಪಿಯಾಯ್ಡ್‌ಗಳು ಮದ್ಯದೊಂದಿಗೆ ಸೇರಿದರೆ ಉಸಿರೇ ನಿಲ್ಲಬಹುದು. ದಿನವೂ ಕುಡಿಯುವವನಿಗೆ ಪ್ಯಾರಾಸಿಟಮಾಲ್ ಡೋಸು ಮಿತಿಯಲ್ಲಿರಲೇಬೇಕು. ಮೆಟ್ರೊನಿಡಜೋಲ್ ಜೊತೆ ಕುಡಿದರೆ ವಾಂತಿಯಾಗಿ ಕಂಗೆಡುತ್ತಾರೆಂಬ ಪ್ರಸಿದ್ಧ ಎಚ್ಚರಿಕೆಯ ಆಧಾರವಾದರೋ ಸಡಿಲ. 2002ರಲ್ಲಿ ಫಿನ್ಲೆಂಡಿನವರು 12 ಜನರ ಮೇಲೆ ಪರೀಕ್ಷಿಸಿದಾಗ ಅಂಥದ್ದೇನೂ ಕಾಣಲಿಲ್ಲ. ಅಷ್ಟು ಚಿಕ್ಕ ಪ್ರಯೋಗ ನಂಬಿ ಎಚ್ಚರಿಕೆ ಕೈಬಿಡಲಾಗದು, ಸರಿ. ಆದರೆ ಎಲ್ಲಕ್ಕೂ ಒಂದೇ ದನಿಯಲ್ಲಿ ಹೆದರಿಸಿದರೆ ನಿಜವಾಗಿ ಹೆದರಬೇಕಾದದ್ದು ಜನರ ಕಿವಿಗೆ ಬೀಳುವುದಿಲ್ಲ. ಮದ್ಯ ಇಲ್ಲವೆಂದು ನಂಬಿದಲ್ಲೂ ಅದು ಇರುತ್ತದೆ: ದಶಮೂಲಾರಿಷ್ಟ, ಅಶೋಕಾರಿಷ್ಟಗಳಲ್ಲಿ ಹುದುಗುವಾಗ ತಾನಾಗಿ ಹುಟ್ಟಿದ ಮದ್ಯಸಾರ ಶೇಕಡಾ 5ರಿಂದ 10ರವರೆಗೆ ಇರುವುದು ಸಾಮಾನ್ಯ. ಎರಡು ಚಮಚ ಅರಿಷ್ಟದಿಂದ ಯಾರಿಗೂ ಅಮಲೇರದು. ಕುಡಿತ ಬಿಡಲು ಡೈಸಲ್ಫಿರಾಮ್ ನುಂಗುತ್ತಿರುವವನಿಗೆ ಮಾತ್ರ ಆ ಎರಡು ಚಮಚವೂ ಬೇಡ.

ಇಷ್ಟೆಲ್ಲ ತಿಳಿದೂ ಹೊರರೋಗಿ ವಿಭಾಗದಲ್ಲಿ ನಡೆಯುವುದೇನು? ರೋಗಿ ಕಷಾಯದ ವಿಷಯ ಎತ್ತುವುದಿಲ್ಲ, ಎತ್ತಿದರೆ ಬೈಸಿಕೊಳ್ಳಬೇಕು. ವೈದ್ಯರು ಕೇಳುವುದಿಲ್ಲ, ಕೇಳಿದರೂ ‘ಆ ನಾಟಿಗೀಟಿ ಏನೂ ತಗೊಳ್ತಿಲ್ಲ ತಾನೆ?’ ಎಂದು ಇಲ್ಲ ಎಂಬ ಉತ್ತರವನ್ನೇ ಬಾಯಿಗಿಟ್ಟು ಕೇಳುತ್ತಾರೆ. ಆಯುರ್ವೇದ ವೈದ್ಯರೂ ಬಿಪಿ ಮಾತ್ರೆಯ ಹೆಸರು ಕೇಳುವುದು ಅಪರೂಪ. ‘ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಾಯಿಗೆ ಹಾಕುವುದನ್ನೆಲ್ಲ ಹೇಳಿ, ಅಡಿಕೆ ಕಾಫಿ ಸೇರಿ’ ಎಂದು ಕೇಳಿದರೆ ಎರಡು ನಿಮಿಷ ಹೆಚ್ಚು ಹಿಡಿದೀತು. ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದಲೇ ಇದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನೋಡಿಕೊಳ್ಳುತ್ತದೆ. ರೋಗಿಯೇ ನೇರವಾಗಿ ಹೇಳಿಕೊಳ್ಳಬಹುದಾದ ಶುಲ್ಕರಹಿತ ಸಂಖ್ಯೆ 1800-180-3024. ಆಯುಷ್ ಔಷಧಿಗಳಿಗೂ ಪ್ರತ್ಯೇಕ ವ್ಯವಸ್ಥೆ ಈಚೆಗೆ ಬಂದಿದೆ. ಔಷಧಿ ಅಂಗಡಿಯ ಗೋಡೆಗಳಲ್ಲಿ ಲಕ್ಷ್ಮಿಯ ಫೋಟೋ, ಸಾಲ ಕೇಳಬೇಡಿ ಎಂಬ ಫಲಕ ಎಲ್ಲ ಇರುತ್ತವೆ; ಆ ಸಂಖ್ಯೆಯನ್ನು ಕನ್ನಡದಲ್ಲಿ ಬರೆದು ಅಂಟಿಸಿದ ಅಂಗಡಿಯನ್ನು ನಾನಿನ್ನೂ ಕಾಣಬೇಕಿದೆ.